ತಾಳ್ಯದ ಹುಣಸೆಮರದವರಿಂದ ಒಂದು ಸಹಿ ಬೇಕಾಗಿದೆ

ಇವರಿಗೆ,
ಶ್ರೀ ಹುಣಸೆಮರದವರು,
ಬಸ್ಸು ನಿಲ್ಲುವ ಜಾಗದ ಪಕ್ಕ, ತಾಳ್ಯ, ಹೊಳಲ್ಕೆರೆ ತಾಲ್ಲೂಕು.

ಮಾನ್ಯರೇ,

ತಮ್ಮ ಪಾದಗಳಿಗೆ, ಕರಾರುವಾಕ್ಕಾಗಿ ಹೇಳುವುದಾದರೆ ತಮ್ಮ ಬುಡದ ಈಶಾನ್ಯದಲ್ಲಿ ಮಣ್ಣಿನಿಂದ ಮೇಲೆದ್ದಿರುವ ದಪ್ಪ ಬೇರಿಗೆ, ಅನಂತ ನಮಸ್ಕಾರಗಳು. ತಾವು ಸೊಂಪಾಗಿದ್ದೀರೆಂದು ನಂಬಿದ್ದೇನೆ. ನಂಬದೆ ವಿಧಿಯಿಲ್ಲ, ಏಕೆಂದರೆ ಕಳೆದ ಮೂರು ತಿಂಗಳಲ್ಲಿ ತಮ್ಮ ಆರೋಗ್ಯವನ್ನು ನನ್ನಷ್ಟು ಸಲ ವಿಚಾರಿಸಿದವರು ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ನಾನು ದೇವಿಕಾ, ಇದೇ ಊರಿನವಳು, ಹೊಳಲ್ಕೆರೆಯ ಒಂದು ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವವಳು, ಮರ ತಪಾಸಣೆಗಾರರ ಅರ್ಹತಾ ಪರೀಕ್ಷೆಯನ್ನು ಎರಡು ಸಲ ಬರೆದು ಎರಡು ಸಲವೂ ಪ್ರಾಯೋಗಿಕದಲ್ಲಿ ನಪಾಸಾದವಳು. ಮೂರಕ್ಕಿಂತ ಹೆಚ್ಚು ಸಲ ಕೂರುವಂತಿಲ್ಲವೆಂಬ ನಿಯಮವಿದೆ, ಮತ್ತು ಈ ಪತ್ರ ಆ ಮೂರನೆಯ ಸಲಕ್ಕೆ ಸಂಬಂಧಿಸಿದ್ದು.

ಹುಣಸೆಮರದಲ್ಲಿ ದೆವ್ವವಿರುತ್ತದೆಂದು ತಮ್ಮ ನೆರಳಿಗೆ ಯಾರೂ ಸುಳಿಯುತ್ತಿರಲಿಲ್ಲವಾದ್ದರಿಂದ, ಓದುವವರಿಗೆ ಇದಕ್ಕಿಂತ ಪ್ರಶಾಂತ ಜಾಗ ಬೇಕೇ ಎಂದು ತಮ್ಮನ್ನೇ ಅಭ್ಯಾಸಕ್ಕೆ ಆರಿಸಿಕೊಂಡೆ. ಮರವನ್ನು ಸುತ್ತಿ ನೋಡಬೇಕು, ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆಯಬೇಕು, ಮರದ ಸುತ್ತಿಗೆಯಿಂದ ತಟ್ಟಿ ಒಳಗೆ ಟೊಳ್ಳಿದೆಯೇ ಎಂದು ಆಲಿಸಬೇಕು ಎಂದು ಪುಸ್ತಕ ಹೇಳುತ್ತದೆ. ನಾನು ಮೊದಲ ಭಾನುವಾರ ಬೆಳಿಗ್ಗೆ ತಲೆಸ್ನಾನ ಮಾಡಿದ ಕೂದಲನ್ನು ಒಣಗಲು ಬಿಟ್ಟುಕೊಂಡು, ಕೆಸರಿದ್ದುದರಿಂದ ಚಪ್ಪಲಿ ಕಳಚಿಟ್ಟು, ತಮ್ಮನ್ನು ಮೂರು ಸುತ್ತು ಬಂದು, ಹಳದಿ ಟೇಪು ಸುತ್ತಿ, ಕಾಂಡಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದೆ. ಮದುವೆಯಾಗದ ಇಪ್ಪತ್ತೊಂಬತ್ತರ ಹೆಣ್ಣೊಬ್ಬಳು ಹೀಗೆ ಮಾಡಿದರೆ ನಮ್ಮ ಕಡೆ ಅದನ್ನು ತಪಾಸಣೆ ಎನ್ನುವುದಿಲ್ಲವೆಂಬ ಮಾತು ಆ ಪುಸ್ತಕದ ಯಾವ ಅಧ್ಯಾಯದಲ್ಲೂ ಇರಲಿಲ್ಲ.

ಕುರಿ ಹೊಡೆದುಕೊಂಡು ಹೊರಟಿದ್ದ ತಿಪ್ಪಕ್ಕ ಅಲ್ಲೇ ನಿಂತು, "ಗಂಡು ಸಿಗ್ಲಿ ಅಂತ ಹರಕೆ ಕಟ್ಕಂಡೀಯೇನವ್ವ? ಏನಂತೈತೆ ಮರ?" ಎಂದು ಕೇಳಿದಳು. ನಾನು ವೃತ್ತಿಧರ್ಮಕ್ಕೆ ಕಟ್ಟುಬಿದ್ದು, "ಪೂರ್ವದ ಕಡೆ ಕೊಂಬೆ ಟೊಳ್ಳೈತೆ ತಿಪ್ಪಕ್ಕ, ನಂಬಂಗಿಲ್ಲ" ಎಂದೆ. ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಗಿದ್ದೇನೆಂದರೆ, ಪೂರ್ವದ ಕಡೆಯ ಸಂಬಂಧ ಟೊಳ್ಳು, ನಂಬಬೇಡಿ ಎಂದು ಹುಣಸೆಮರ ಅಪ್ಪಣೆ ಕೊಟ್ಟಿದೆಯೆಂಬುದು. ಮಗಳಿಗೆ ಪೂರ್ವದ ಹಿರಿಯೂರಿನ ಗಂಡು ನೋಡಿದ್ದ ಮುರುಗಪ್ಪನವರು ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿದರು, ಮರುವಾರವೇ ಹೊಸದುರ್ಗದ ಕಡೆಯಿಂದ ಸಂಬಂಧ ಕೂಡಿಬಂತು, ಅಲ್ಲಿಗೆ ನನ್ನ ಓದೂ ಮುಗಿಯಿತು.

ಆಮೇಲಿನ ತಮ್ಮ ಏಳಿಗೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಹೆಂಗಸರು ಕಟ್ಟಿದ ಅರಿಶಿನ ದಾರಗಳಿಂದ ತಮ್ಮ ಸುತ್ತಳತೆ ಹನ್ನೊಂದು ಅಡಿ ನಾಲ್ಕು ಅಂಗುಲದಿಂದ ಆರು ವಾರದಲ್ಲಿ ಹನ್ನೆರಡು ಅಡಿಗೆ ಏರಿತು. ಇಷ್ಟು ವೇಗವಾಗಿ ಬೆಳೆದ ಹುಣಸೆಮರ ಸಸ್ಯಶಾಸ್ತ್ರದಲ್ಲಿ ಇನ್ನೊಂದಿರಲಾರದು. ನನ್ನ ತಾಯಿ ಏಕಾಂತಮ್ಮ, ನಾನು ಪುಸ್ತಕ ಹಿಡಿದರೆ ಮುಖ ಸಿಂಡರಿಸುತ್ತಿದ್ದವರು, "ಪರೀಕ್ಷೆ ಹೋದ್ರೆ ಹೋಗ್ಲಿ, ಸುತ್ತೋದು ಮಾತ್ರ ಬಿಡಬ್ಯಾಡವ್ವ" ಎಂದು ತಾವೇ ಸುತ್ತಿಗೆಯನ್ನು ಕೈಗಿತ್ತು ಕಳಿಸತೊಡಗಿದರು. ಮುರುಗಪ್ಪನವರು ಕೃತಜ್ಞತೆಯಿಂದ ಎರಡು ಕಲ್ಲುಬೆಂಚು ಹಾಕಿಸಿದರು, ಅದೂ ಸರಿಯಾಗಿ ಆ ಟೊಳ್ಳು ಕೊಂಬೆಯ ಕೆಳಗೆ.

ಮಾನ್ಯರೇ, ನನ್ನ ನಿದ್ದೆ ಕೆಟ್ಟದ್ದು ಇಲ್ಲಿ. ಕೊಂಬೆ ಎಷ್ಟು ಕೊಳೆತಿದೆ ಎನ್ನುವುದಷ್ಟೇ ಅಪಾಯವಲ್ಲ, ಅದರ ಕೆಳಗೆ ಯಾರಿದ್ದಾರೆ ಎನ್ನುವುದೂ ಅಪಾಯವೆಂದು ನಮಗೆ ಮೊದಲ ಪಾಠದಲ್ಲೇ ಕಲಿಸುತ್ತಾರೆ. ದೆವ್ವವಿದ್ದಾಗ ತಾವು ಯಾರಿಗೂ ತೊಂದರೆಯಿಲ್ಲದ ಮರವಾಗಿದ್ದಿರಿ; ನಾನು ತಪಾಸಣೆ ಮಾಡಿ ಮಾಡಿ ತಾಲ್ಲೂಕಿನ ಅತ್ಯಂತ ಅಪಾಯಕಾರಿ ಮರವಾದಿರಿ. ಕೊಂಬೆ ಕಡಿಸಲು ಅರ್ಜಿ ಕೊಟ್ಟರೆ ದೇವರ ಮರವೆಂದು ಯಾರೂ ಕೊಡಲಿ ಮುಟ್ಟಲಿಲ್ಲ, ಎಚ್ಚರಿಕೆಯ ಫಲಕ ನೆಟ್ಟರೆ ಅದಕ್ಕೂ ಕುಂಕುಮವಿಟ್ಟು ಕೈಮುಗಿದರು.

ಪರೀಕ್ಷೆಯ ದಿನ ಪರೀಕ್ಷಕ ಪ್ರಸನ್ನಕುಮಾರ್ ಅವರು ಜೀಪಿನಲ್ಲಿ ಬಂದು, ಸುತ್ತಮುತ್ತ ಇಷ್ಟೊಂದು ಬೇವು, ಹೊಂಗೆ, ಜಾಲಿಗಳಿರುವಾಗ, ತಮ್ಮನ್ನೇ ತೋರಿಸಿ ವರದಿ ಬರೆಯಲು ಹೇಳಿದರು. ಗಾಳಿ ಜೋರಾಗಿತ್ತು, ಕೊಂಬೆಯ ಬಿರುಕು ಬೆರಳು ತೂರುವಷ್ಟು ತೆರೆದಿತ್ತು, ಬೆಂಚುಗಳ ಮೇಲೆ ಹನ್ನೊಂದು ಜನರಿದ್ದರು. "ಏಳ್ರಿ, ಕೊಂಬೆ ಮುರಿತೈತೆ!" ಎಂದು ಕೂಗಿದೆ. ಮುರುಗಪ್ಪನವರು ಕೂತಲ್ಲಿಂದಲೇ, "ಗಾಬರಿ ಆಗ್ಬ್ಯಾಡವ್ವ, ನಮ್ಮ ಮರ ನಮ್ಮ ಮ್ಯಾಲೆ ಬೀಳ್ತೈತಾ?" ಎಂದು ನನಗೇ ಧೈರ್ಯ ಹೇಳಿದರು. ಬಿರುಕಿನ ಸದ್ದು ನನಗೆ ಕೇಳಿಸುತ್ತಿತ್ತು. ಆಗ ನಾನು, ಜನ ಎಷ್ಟು ಕೇಳಿದರೂ ಎರಡು ತಿಂಗಳಿನಿಂದ ಮಾಡುವುದೇ ಇಲ್ಲವೆಂದು ಹಟ ಹಿಡಿದಿದ್ದ ಕೆಲಸವನ್ನು ಮಾಡಿದೆ: ತಮಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, "ಮರ ಹೇಳ್ತೈತೆ, ಪೂರ್ವದ ಕಡೆ ಯಾರೂ ಕುಂದ್ರಬಾರ್ದಂತೆ, ಈಗ್ಲೇ ಏಳ್ಬೇಕಂತೆ" ಎಂದೆ. ಅರ್ಧ ನಿಮಿಷದಲ್ಲಿ ಬೆಂಚು ಖಾಲಿಯಾಯಿತು. ಹೊಳಲ್ಕೆರೆ ಬಸ್ಸು ಬರುವುದರೊಳಗೆ ಕೊಂಬೆ ಬಿದ್ದು ಎರಡೂ ಬೆಂಚು ಪುಡಿಯಾದವು, ನಾನು ಅಲ್ಲೇ ಕೂತು ಮಗುವಿನ ಹಾಗೆ ಅತ್ತೆ.

ಫಲಿತಾಂಶ ಬಂದಿದೆ. ಎರಡು ಅಂಕಗಳಿಂದ ನಪಾಸು. ಕಾರಣವನ್ನು ಹೀಗೆ ಬರೆದಿದ್ದಾರೆ: "ಅಭ್ಯರ್ಥಿಯ ತೀರ್ಮಾನ ಸರಿಯಾಗಿದೆ, ಆದರೆ ಅದಕ್ಕೆ ಮರದ ಹೇಳಿಕೆಯನ್ನು ಆಧಾರವಾಗಿ ನೀಡಿದ್ದು ಅಂಗೀಕೃತ ವಿಧಾನವಲ್ಲ." ಮರುಪರಿಶೀಲನೆಗೆ ಇದೇ ಇಪ್ಪತ್ತೆರಡನೇ ತಾರೀಖು ಕಡೆಯ ದಿನ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಯೆಂದರೆ, ಆ ದಿನ ತಾವು ನನಗೆ ಏನನ್ನೂ ಹೇಳಲಿಲ್ಲವೆಂದೂ, ಬಿರುಕನ್ನು ನಾನೇ ಕಣ್ಣಾರೆ ನೋಡಿ ಬುದ್ಧಿಯಿಂದ ತೀರ್ಮಾನಿಸಿದೆನೆಂದೂ ಒಂದು ಲಿಖಿತ ಹೇಳಿಕೆಯನ್ನು ದಯಪಾಲಿಸಬೇಕು. ಸಹಿ ಬಾರದಿದ್ದರೆ ಹೆಬ್ಬೇರಿನ ಗುರುತು ಸಾಕು. ಶಾಯಿಯ ಡಬ್ಬಿಯನ್ನು ಬುಡದಲ್ಲಿಟ್ಟು ಬಂದಿದ್ದೇನೆ. ಆಧಾರ್ ಕಾರ್ಡಿನ ನಕಲನ್ನೂ ಲಗತ್ತಿಸುವುದು. ಅದೂ ಆಗದಿದ್ದರೆ ವಿಚಾರಣೆಯ ದಿನ ಖುದ್ದಾಗಿ ಚಿತ್ರದುರ್ಗಕ್ಕೆ ಬರಬೇಕಾಗಿ ಪ್ರಾರ್ಥನೆ. ಬೆಳಗಿನ ಎಂಟೂಕಾಲರ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ತಮ್ಮ ವಿಷಯವನ್ನು ಕಂಡಕ್ಟರರ ವಿವೇಚನೆಗೆ ಬಿಡೋಣ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದೇವಿಕಾ

ಮರೆತ ಮಾತು: ನಿನ್ನೆ ಪ್ರಸನ್ನಕುಮಾರ್ ಅವರು ಜೀಪಿಲ್ಲದೆ, ಚಪ್ಪಲಿಯನ್ನು ದೂರವೇ ಬಿಟ್ಟು, ತಮ್ಮನ್ನು ಮೂರು ಸುತ್ತು ಬಂದರು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ದಾವಣಗೆರೆಗೆ ವರ್ಗ ಆಗುತ್ತದೆಯೇ ಕೇಳಿ ಹೇಳಬೇಕೆಂದು ಬೇಡಿಕೊಂಡರು. ನಾನು ಕಿವಿಯಿಟ್ಟೆ. ತಾವು ಎಂದಿನಂತೆ ಒಂದಕ್ಷರವನ್ನೂ ಆಡಲಿಲ್ಲ. "ಮೊದಲು ಆ ಎರಡು ಅಂಕವಂತೆ, ವರ್ಗ ಆಮೇಲಂತೆ" ಎಂದು ತಿಳಿಸಿದ್ದೇನೆ.