ಮುಗಿಯದ ಬಾಯ್ಲರ್ ಟ್ರಯಲ್

ನಮ್ಮ ಸೋದರಮಾವನಿಗೆ ಮಕ್ಕಳು ಇಬ್ಬರೆಂದು ರೇಷನ್ ಕಾರ್ಡ್ ಹೇಳುತ್ತದೆ. ನಾನು ಒಪ್ಪುವುದಿಲ್ಲ. ನಾನೂ ಇರುವ ಅವರ ಹಲಸೂರಿನ ಮನೆಯ ತಾರಸಿಯ ಮೇಲೆ ಮೂರನೆಯದೊಂದಿದೆ: ಮರದ ಪುಡಿಯ ಗುಳಿಗೆ ತಿಂದು ನೀರು ಕಾಯಿಸುವ ಬಾಯ್ಲರು. ಮಕ್ಕಳ ಜ್ವರ ಎಷ್ಟೆಂದು ಮಾವ ಎಂದಾದರೂ ನೋಡಿದ್ದರೋ ಇಲ್ಲವೋ, ಇದರ ಟೆಂಪರೇಚರ್ ಮಾತ್ರ ಹಲ್ಲುಜ್ಜುವ ಮೊದಲೇ ನೋಡುತ್ತಾರೆ.

ಈ ಹುಚ್ಚು ಹತ್ತಿದ್ದು ಅತ್ತೆಯ ಬೆರಳುಗಳಿಂದ. ತಣ್ಣೀರು ಸೋಕಿದರೆ ಅವು ಸೆಟೆದು ನೋಯುತ್ತವೆ. ಆದರೆ ಎಲ್ಲರಿಗೂ ತಿಂಡಿ ಕೊಟ್ಟು, ಡಬ್ಬಿ ಕಟ್ಟಿ, ಕೊನೆಗೆ ಸ್ನಾನಕ್ಕೆ ಹೋಗುವವರು ಅವರೇ. ಅಷ್ಟು ಹೊತ್ತಿಗೆ ಬಿಸಿನೀರು ಖಾಲಿ. ಖಾಲಿ ಮಾಡಿದವರಲ್ಲಿ ಮೊದಲ ಹೆಸರು ನನ್ನದು. ಶವರ್ ಕೆಳಗೆ ಇಡೀ ಮನೆಯವರ ಮಿಮಿಕ್ರಿ ಮುಗಿಸದೆ ನಾನು ಹೊರಬರುವವನಲ್ಲ.

"ಕೊನೇವ್ರಿಗೂ ಬಿಸಿನೀರು ಸಿಗ್ಬೇಕು ಕಣೋ. ನೋಡ್ತಿರು," ಎಂದರು ಮಾವ.

ಅದಕ್ಕೆ ಕಾದ ನೀರನ್ನು ಕೂಡಿಡುವ ಬಫರ್ ಟ್ಯಾಂಕ್ ಬೇಕಂತೆ. ಒಂದಲ್ಲ, ಎರಡು. ಶಿವಾಜಿನಗರದ ಗುಜರಿ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋಗಿ, ಒಂದೊಂದು ಟ್ಯಾಂಕಿಗೂ ಕಿವಿಯಿಟ್ಟು ತಟ್ಟತೊಡಗಿದರು.

"ಸಾಬ್," ಎಂದ ಅಂಗಡಿಯ ಭಾಯಿ, "ಟ್ಯಾಂಕ್ ನೋಡ್ತಿದೀರೋ, ಹಲಸಿನಹಣ್ಣು ನೋಡ್ತಿದೀರೋ?"

ಆಮೇಲೆ ಶುರುವಾಯಿತು ಸೆಟ್ಟಿಂಗ್. ನೀರು ಕಾದದ್ದು ತಿಳಿಯಲು ಟ್ಯಾಂಕಿನ ಹೊರಮೈಗೆ ಸೆನ್ಸರ್ ಅಂಟಿಸಿದರು. ಅದೂ ಎಳೆಬಿಸಿಲು ನೇರವಾಗಿ ಬೀಳುವ ಕಡೆ. ಬಿಸಿಲಿಗೆ ಸೆನ್ಸರ್ ಕಾಯಿತು. ನೀರೇ ಕಾದಿದೆಯೆಂದುಕೊಂಡು ಬಾಯ್ಲರ್ ನಿದ್ದೆಹೋಯಿತು. ಮೈತುಂಬ ಸೋಪು ಹಚ್ಚಿಕೊಂಡಿದ್ದ ನಾನು ಹಾಕಿದ ಕೂಗು ಇಂದಿರಾನಗರದ ಮೆಟ್ರೋ ಸ್ಟೇಷನ್ನಿಗೂ ಕೇಳಿಸಿರಬೇಕು.

"ಯಾರ ಮಿಮಿಕ್ರಿನೋ ಇದು?" ಎಂದರು ಮಾವ, ಬಾಗಿಲಾಚೆಯಿಂದ.

ಸೆನ್ಸರ್ ಜಾಗ ಬದಲಾಯಿತು. ಎಲ್ಲರ ಸ್ನಾನ ಮುಗಿದರೂ ಎರಡನೇ ಟ್ಯಾಂಕಿನಲ್ಲಿ ಹಬೆಯಾಡುವ ನೀರು. ಗೆದ್ದೆವು ಅಂದುಕೊಂಡಿರಾ? ಅತ್ತೆ ಆ ನೀರಿನಲ್ಲಿ ಬೆಡ್‌ಶೀಟ್ ನೆನೆಹಾಕಿದರು, ಜಿಡ್ಡಿನ ಬಾಣಲೆ ತೊಳೆದರು, ಕೆಳಮನೆಯ ಅಜ್ಜಿಗೆ ಒಂದು ಬಕೆಟ್ ಕಳಿಸಿದರು. ಕೊನೆಯವರಿಗೆಂದು ಉಳಿಸಿದ ನೀರನ್ನು ತಮಗಿಂತ ಕೊನೆಯವರನ್ನು ಹುಡುಕಿ ಹಂಚಿ, ತಾವು ತಣ್ಣೀರಿನಲ್ಲೇ ಮಿಂದು ಬಂದರು.

"ಇದಕ್ಕೆ ಯಾವ ಸೆನ್ಸರ್ ಹಾಕ್ಲೋ?" ಎಂದು ಮಾವ ನನ್ನ ಮುಖ ನೋಡಿದರು.

ಮರುದಿನ ಬೆಳಗ್ಗೆ ಇಂಜಿನಿಯರನ ಗಾಂಭೀರ್ಯದಿಂದ ಅಡುಗೆಮನೆಗೆ ಬಂದು ಅತ್ತೆಯನ್ನು ಕರೆದರು. "ಲೇ, ಬಾಯ್ಲರ್ ಟ್ರಯಲ್ ಇದೆ. ಮೊದಲ್ನೇ ನೀರಲ್ಲಿ ನೀನು ಸ್ನಾನ ಮಾಡಿ ಎಷ್ಟು ಬಿಸಿ ಇತ್ತು ಹೇಳ್ಬೇಕು. ಇಲ್ದಿದ್ರೆ ಸೆಟ್ಟಿಂಗ್ ಕೂರಲ್ಲ."

"ಇಡ್ಲಿ ಯಾರ್ರೀ ಇಳಿಸ್ತಾರೆ?"

"ಇವನು ಇಳಿಸ್ತಾನೆ. ಇಡ್ಲಿ ಥರಾನೇ ನಿಂತಿದಾನಲ್ಲ."

"ನಿಮ್ಮ ಮಷೀನಿಗೆ ನಾನೇ ಆಗ್ಬೇಕಾ?"

"ನಿನ್ನ ಬೆರಳೇ ಆಗ್ಬೇಕು. ಮಿಕ್ಕೋರದ್ದೆಲ್ಲ ದಪ್ಪ ಚರ್ಮ."

ಯುಗಾದಿ ಹೋಗಿ ದೀಪಾವಳಿ ಬಂದರೂ ಟ್ರಯಲ್ ಮುಗಿದಿಲ್ಲ. ದಿನಾ ಅತ್ತೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು, "ಚೆನ್ನಾಗಿತ್ತು ರೀ," ಎನ್ನುತ್ತಾರೆ. "ಇನ್ನೂ ಸ್ವಲ್ಪ ಸರಿಹೋಗ್ಬೇಕು," ಎಂದು ಮಾವ ತಾರಸಿ ಹತ್ತುತ್ತಾರೆ.

ಮಿಮಿಕ್ರಿಗೆ ಹೊಸ ಸರಕು ಸಿಕ್ಕೀತೆಂದು ಒಮ್ಮೆ ಹಿಂದೆಯೇ ಹೋದೆ. ಕಂಟ್ರೋಲ್ ಪೆಟ್ಟಿಗೆಯ ಬಾಗಿಲಿಗೆ ಜೇಡ ಬಲೆ ಕಟ್ಟಿತ್ತು. ಅದನ್ನು ತೆರೆದು ಬಹಳ ಕಾಲವಾಗಿದೆ. ಮಾವ ಅದರೆದುರು ಕೈಕಟ್ಟಿ ಸುಮ್ಮನೆ ನಿಂತಿದ್ದರು. ಅತ್ತೆಗೆ ನಂಬಿಕೆ ಬರುವಷ್ಟು ಹೊತ್ತು ಕಳೆದು ಕೆಳಗಿಳಿದರು.

ಈಗ ಕೊನೆಯ ಸ್ನಾನ ಮಾವನದು. ಕೆಳಮನೆಯ ಅಜ್ಜಿಗೆ ಬಕೆಟ್ ಹೋಗುವುದು ನಿಂತಿಲ್ಲ, ನನ್ನ ಶವರ್ ಪ್ರದರ್ಶನವೂ ನಿಂತಿಲ್ಲ. ನಿನ್ನೆ ಬಚ್ಚಲ ಬಾಗಿಲು ತಟ್ಟಿ ಕೇಳಿದೆ, "ಮಾವ, ನೀರು ಬಿಸಿ ಇದೆಯಾ?"

ಚಳಿಗೆ ಹಲ್ಲು ಕಟಕಟನೆ ಬಡಿಯುತ್ತಿದ್ದ ದನಿ ಒಳಗಿನಿಂದ ಬಂತು: "ಫಸ್ಟ್ ಕ್ಲಾಸ್ ಕಣೋ. ಹೋಗಿ ನಿಮ್ಮತ್ತೇಗೂ ಹಾಗೇ ಹೇಳು."