ನೀರು ಖಾಲಿ ಅನ್ನೋರು ಯಾರು

ಒಬ್ನೇ ಓಡಾಡೋನಿಗೆ ಊಟ ಸಿಗುತ್ತೆ, ಟೀ ಸಿಗುತ್ತೆ, "ಲೇ, ಸಾಕು ನಿಲ್ಸು" ಅನ್ನೋರು ಮಾತ್ರ ಸಿಗಲ್ಲ. ನಾನು ಓದಿದ್ದು ಕಮ್ಮಿ, ಇದನ್ನ ಉದ್ದ ಎಳೆಯೋಕೆ ಬರಲ್ಲ. ನನ್ನ ಕಾರಿನ ಕತೆ ಹೇಳ್ತೀನಿ, ಅರ್ಥ ಆಗುತ್ತೆ.

ಶಿಕಾರಿಪುರದಲ್ಲಿ ನಂದೊಂದು ಸಣ್ಣ ಗ್ಯಾರೇಜು. ಗಿರಾಕಿ ಇಲ್ದಾಗ ಮನೆಗಳ ನೀರಿನ ಮೋಟ್ರಿಗೆ ವೈರಿಂಗೂ ಮಾಡ್ತೀನಿ. ಕಾರು ಹಳೇದು, ಆದ್ರೆ ಟರ್ಬೊ ಇದೆ. ಟರ್ಬೊ ಅಂದ್ರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಫ್ಯಾನು. ಜಾಸ್ತಿ ಒತ್ತಿದ್ರೆ ಜೋರಾಗಿ ಓಡುತ್ತೆ, ಜೋರಾಗಿ ಕಾಯುತ್ತೆ. ಬಿಸಿ ಆಗ್ದೆ ಇರ್ಲಿ ಅಂತ ಆ ಗಾಳಿಗೆ ನೀರು ಸಿಂಪಡಿಸ್ಬೇಕು. ನಾನು ಹಿಂದಿನ ಸೀಟಲ್ಲಿ ಒಂದು ದೊಡ್ಡ ಕ್ಯಾನ್ ಇಟ್ಟು, ತೋಟಕ್ಕೆ ಔಷಧಿ ಹೊಡೆಯೋ ಸ್ಪ್ರೇಯರಿನ ಮೋಟ್ರು ಕಿತ್ತು ಕೂರಿಸ್ದೆ. ಮನೆಗೆ ಒಂದು ಕೊಡ ನೀರು ತಂದುಕೊಡ್ದೋನು ಕಾರಿಗೆ ನೀರು ಹೊರ್ತಾನೆ ಅಂತ ಅವ್ವ ಬೈದ್ಲು.

ಕಷ್ಟ ಏನಂದ್ರೆ, ನೀರು ಮುಗಿದ್ಮೇಲೂ ಟರ್ಬೊ ಹಂಗೇ ಒತ್ತುತಿದ್ರೆ ಪಿಸ್ಟನ್ ತೂತು, ಎಂಜಿನ್ ಹೋಯ್ತು. ನೀರು ನೋಡೋ ಕೆಲಸ ಮಂಜಂದು. ಮಂಜ ನನ್ನ ದೋಸ್ತ್. ಪಕ್ಕದ ಸೀಟಲ್ಲಿ ಕತ್ತು ತಿರುಗಿಸ್ಕೊಂಡು ಕೂತು ಊರೋರ ಸುದ್ದಿ ಎಲ್ಲ ಹೇಳ್ತಾ, ಮಧ್ಯದಲ್ಲೇ "ನೀರು ಖಾಲಿ ಕಣೋ" ಅಂತಿದ್ದ. ನಾನು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀತಿದ್ದೆ. ಅಂಜನಾಪುರದ ಕೆರೆ ಏರಿ ಹತ್ರ ಕ್ಯಾನ್ ತುಂಬ್ಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತಿರ್ತಿದ್ವಿ. ಕೂರೋ ಅಗತ್ಯ ಏನೂ ಇರ್ಲಿಲ್ಲ.

ಆಮೇಲೆ ಅವ್ನಿಗೆ ಮದುವೆ ಆಯ್ತು. ಸೊರಬದ ಹುಡುಗಿ. ಮಾವನ ಹಾರ್ಡ್‌ವೇರ್ ಅಂಗಡಿಲಿ ಕೂತ. ಮೊದಲು ದಿನಾ ಫೋನು, ಆಮೇಲೆ ಬೆಳಿಗ್ಗೆ ಒಂದು ಗುಡ್ ಮಾರ್ನಿಂಗ್ ಫೋಟೊ, ಆಮೇಲೆ ಅದೂ ಇಲ್ಲ. ಸಿಟ್ಟೇನಿಲ್ಲ. ಒಂದು ಸೀಟು ಖಾಲಿ ಆಯ್ತು, ಅಷ್ಟೆ. ಅಲ್ಲೀಗ ಸ್ಪ್ಯಾನರ್ ಡಬ್ಬ ಕೂರುತ್ತೆ. ಬೆಲ್ಟ್ ಹಾಕ್ದೆ ಇದ್ರೆ ಕಾರು ಕೂಗುತ್ತೆ ಅಂತ ಡಬ್ಬಕ್ಕೂ ಬೆಲ್ಟ್ ಹಾಕ್ತೀನಿ.

ಮಂಜ ಇಲ್ದಿದ್ರೂ ನಡೀಬೇಕಲ್ಲ. ಒಂದು ಫ್ಲೋಟ್ ತಂದೆ. ಮನೆ ಮೇಲಿನ ಟ್ಯಾಂಕಿಗೆ ಹಾಕ್ತೀವಲ್ಲ, ನೀರಲ್ಲಿ ತೇಲೋ ಸ್ವಿಚ್ಚು, ಅದು. ನೀರು ಇಳಿದ್ರೆ ಟರ್ಬೊದ ಜೋರು ಅದೇ ಕಟ್ ಮಾಡ್ಬೇಕು. ಎಷ್ಟೋ ಮನೆಗೆ ಫ್ಲೋಟ್ ಕಟ್ಟಿದ ಕೈ, ಕಣ್ಣು ಮುಚ್ಕೊಂಡು ವೈರ್ ಸೇರಿಸ್ದೆ. ಇನ್ನು ಯಾರೂ ಬೇಡ ಅಂದ್ಕೊಂಡೆ. ಯಾರೂ ಬೇಡ ಅನ್ನೋದನ್ನ ಮಂಜಂಗೆ ತೋರಿಸ್ಬೇಕಲ್ಲ, ಸೊರಬಕ್ಕೆ ಹೊರಟೆ.

ಶಿರಾಳಕೊಪ್ಪದ ತನಕ ಕಾರು ಜ್ವರ ಬಂದೋರ ತರ ಹೋಯ್ತು. ಪೆಟ್ರೋಲ್ ಸರಿ ಇಲ್ಲ ಅಂತ ಬೈದೆ. ಆಚೆ ಹೋಗ್ತಿದ್ದಂಗೆ ಹಬ್ಬದಲ್ಲಿ ಬಿಟ್ಟ ಹೋರಿ ಆಯ್ತು. ಖುಷಿಲಿ ಪಕ್ಕಕ್ಕೆ ತಿರುಗಿ "ನೋಡ್ದೇನೋ" ಅಂದೆ. ಸ್ಪ್ಯಾನರ್ ಡಬ್ಬ ಬೆಲ್ಟ್ ಹಾಕ್ಕೊಂಡು ಕೂತಿತ್ತು. ಸೊರಬ ಹತ್ರ ಬಂದಾಗ ಎಂಜಿನ್ ಒಳಗೆ ಯಾರೋ ಕಲ್ಲು ಕುಟ್ಟಿದಂಗೆ ಟಣ್ ಟಣ್ ಅಂತು. ಹಿಂದೆ ನೋಡಿದ್ರೆ ಕ್ಯಾನಲ್ಲಿ ಒಂದು ಹನಿ ಇಲ್ಲ. ತೆವಳ್ಕೊಂಡು ಅಂಗಡಿ ಮುಟ್ಟಿದೆ.

ಮಂಜ ಎಂಜಿನ್ ನೋಡ್ಲೇ ಇಲ್ಲ, ಸೀದಾ ಫ್ಲೋಟ್ ಹಿಡ್ಕೊಂಡ. "ಲೇ, ಮನೆ ಟ್ಯಾಂಕಿನ ಲೆಕ್ಕದಲ್ಲಿ ಕಟ್ಟಿದೀಯಲ್ಲೋ. ತುಂಬಿದ್ರೆ ಆಫು, ಖಾಲಿ ಆದ್ರೆ ಆನು."

ನೀರಿದ್ದಾಗ ಹೋರಿ ಕಟ್ಟಿಹಾಕಿ, ನೀರು ಮುಗಿದ್ಮೇಲೆ ಹಗ್ಗ ಬಿಚ್ಚಿದ್ದೆ. ಮೊಳೆ ತಗೊಳ್ಳೋಕೆ ಬಂದೋರೂ ನಕ್ರು. ಮಂಜ ಒಂದು ವೈರ್ ಬದಲಿಸಿ, ಎಂಜಿನ್ನಿಗೆ ಕಿವಿ ಕೊಟ್ಟು, ಬದುಕಿದೆ ಅಂದ. ಅವ್ನ ಹೆಂಡ್ತಿ ಟೀ ತಂದು, ಅಣ್ಣ, ಇವ್ರು ನಿಮ್ ಕಾರಿನ ಸುದ್ದಿ ಹೇಳದ ದಿನ ಇಲ್ಲ ಅಂದ್ಲು. ಅದು ಕೇಳಿ ಧೈರ್ಯ ಬಂತು. ಚಂದ್ರಗುತ್ತಿ ಗುಡ್ಡಕ್ಕೆ ಒಂದು ರೌಂಡ್ ಹೊಡ್ಕೊಂಡು ಬರೋಣ ಬಾ ಅಂದೆ. ಮಂಜ ಕಾರು ನೋಡ್ದ, ಅಂಗಡಿ ನೋಡ್ದ.

"ಮಾವ ಊರಲ್ಲಿಲ್ಲ ಮಾರಾಯ. ಇನ್ನು ನಾನ್ಯಾಕೋ, ಸ್ವಿಚ್ಚೇ ಹೇಳುತ್ತಲ್ಲ."

ಕ್ಯಾನ್ ತುಂಬ್ಕೊಂಡು ವಾಪಸ್ ಬರೋವಾಗ ನೀರು ಇಳೀತು, ಫ್ಲೋಟ್ ಬಗ್ಗಿತು, ಕಾರು ತಾನಾಗೇ ಮೆತ್ತಗಾಯ್ತು. ಪಕ್ಕಾ ಕೆಲಸ. "ನೀರು ಖಾಲಿ ಕಣೋ" ಅಂತ ನಾನೇ ಅಂದೆ, ಯಾರಾದ್ರೂ ಅನ್ಬೇಕಲ್ಲ.

ಅವತ್ತಿಂದ ಆ ಸ್ವಿಚ್ಚು ಒಂದು ಸಲನೂ ತಪ್ಪಿಲ್ಲ, ಹಾಳಾದ್ದು. ನಾಳೆ ಒಂದು ಸ್ಪೇರ್ ಫ್ಲೋಟ್ ತರೋಕೆ ಹೋಗ್ತಿದೀನಿ. ಶಿಕಾರಿಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಬೇಕಾದಷ್ಟಿದೆ. ಸೊರಬದ ಮಾಲೇ ಗಟ್ಟಿ ಅಂತ ಅವ್ವಂಗೆ ಹೇಳಿದೀನಿ.