ಇಪ್ಪತ್ತೈದು ತಟ್ಟೆ, ಒಂದು ಟ್ರ್ಯಾಕ್ಟರ್ ಹೊಟ್ಟು

ಒಂದು ವಸ್ತು ಒಡೆದಿದೆಯೋ ಇಲ್ಲವೋ ಎಂದು ಹೇಳುವ ವಿಷಯದಲ್ಲಿ ಸೇಡಂನಿಂದ ಶಹಾಬಾದದವರೆಗೆ ನನಗಿಂತ ಅರ್ಹರು ಯಾರೂ ಇಲ್ಲ. ಇದು ಜಂಬವಲ್ಲ, ನನ್ನ ಉದ್ಯೋಗ. ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸಿಮೆಂಟಿನ ಘನಗಳನ್ನು ಯಂತ್ರಕ್ಕೆ ಕೊಟ್ಟು, ಅವು ಎಷ್ಟು ಭಾರಕ್ಕೆ ಒಡೆಯುತ್ತವೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ದಶಮಾಂಶದ ನಂತರ ಎರಡು ಅಂಕಿ ಬರೆಯದಿದ್ದರೆ ನನಗೆ ಊಟ ರುಚಿಸುವುದಿಲ್ಲ.

ಇಂಥವಳು ತಟ್ಟೆ ಒಡೆಯುವ ಕ್ಲಬ್ಬಿಗೆ ಸೇರಿದ್ದರಲ್ಲಿ ಆಶ್ಚರ್ಯವೇನಿದೆ?

ಆಟ ಸರಳ. ಒಂದು ಯಂತ್ರ ಅಂಗೈಯಗಲದ ಮಣ್ಣಿನ ತಟ್ಟೆಯನ್ನು ಗಾಳಿಗೆ ಎಸೆಯುತ್ತದೆ. ಬಂದೂಕು ಹಿಡಿದು ನಿಂತವರು "ಬಿಡ್ರಿ!" ಎಂದು ಕೂಗಬೇಕು. ತಟ್ಟೆ ಹಾರುತ್ತದೆ. ಹೊಡೆಯಬೇಕು. ಒಬ್ಬರಿಗೆ ಇಪ್ಪತ್ತೈದು ತಟ್ಟೆ. ಇದಕ್ಕೆ ಟ್ರ್ಯಾಪ್ ಶೂಟಿಂಗ್ ಎನ್ನುತ್ತಾರೆ. ವಿಶ್ವವಿದ್ಯಾಲಯದ ಎನ್‌ಸಿಸಿಯಲ್ಲಿದ್ದಾಗ ನಾನು ಕಾಗದದ ಗುರಿಗೆ ಹೊಡೆದು ಪ್ರಮಾಣಪತ್ರ ಪಡೆದಿದ್ದೆ. ಕಾಗದ ನಿಂತಿರುತ್ತದೆ, ತಟ್ಟೆ ಹಾರುತ್ತದೆ, ಇಷ್ಟೇ ವ್ಯತ್ಯಾಸ ಎಂದುಕೊಂಡೆ.

ಅವ್ವನಿಗೆ ಬೇರೆಯೇ ಚಿಂತೆ. "ಲಗ್ನಾ ಮಾಡ್ಕೊ ಅಂದ್ರ ಬಂದೂಕ ಹಿಡಕೊಂಡು ನಿಂತೀದಿ. ಇನ್ನ ನಿನ್ನ ನೋಡ್ಲಿಕ್ಕ ಬರೋ ವರ ಏನ್ ಹೆಲ್ಮೆಟ್ ಹಾಕ್ಕೊಂಡು ಬರ್ಬೇಕೇನ?"

ಖಾಸಗಿ ವಿಷಯಗಳನ್ನು ನಾನು ಅವ್ವನ ಹತ್ತಿರವೂ ಚರ್ಚಿಸುವುದಿಲ್ಲ.

ಕ್ಲಬ್ಬು ಇರುವುದು ಶಹಾಬಾದ ಮತ್ತು ಭಂಕೂರದ ನಡುವೆ, ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ಕೈಬಿಟ್ಟ ಒಂದು ಗಣಿಯಲ್ಲಿ. ನಾವು ಮೇಲಿನ ಅಂಚಿನಲ್ಲಿ ನಿಂತು ಹೊಡೆಯುತ್ತೇವೆ. ತಟ್ಟೆಗಳು ಕಲ್ಲುಚೂರಿನ ಗುಡ್ಡೆಯೊಂದನ್ನು ದಾಟಿ ಕೆಳಗಿನ ಹಾಸುಗಲ್ಲಿನ ಮೇಲೆ ಬೀಳುತ್ತವೆ. ಬಿದ್ದದ್ದು ಕಾಣುವುದಿಲ್ಲ. "ಟಪ್" ಎಂದು ಕೇಳುತ್ತದೆ, ಅಷ್ಟೇ. ಬಿಸಿಲು ಬಿಳಿ ಕಲ್ಲಿಗೆ ಬಡಿದು ಕಣ್ಣು ಕುಕ್ಕುವುದರಿಂದ ತಟ್ಟೆ ಗಾಳಿಯಲ್ಲೇ ಒಡೆಯಿತೋ ಕಲ್ಲಿಗೆ ಬಿದ್ದು ಒಡೆಯಿತೋ ಹೆಚ್ಚಿನ ಸಲ ದೇವರಿಗೇ ಗೊತ್ತು.

ದೇವರಿಗೆ ಮತ್ತು ಸೆಕ್ರೆಟರಿ ಜಗದೇವಪ್ಪನವರಿಗೆ.

ಜಗದೇವಪ್ಪನವರು ವಾಡಿ ಜಂಕ್ಷನ್ನಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಈಗ ನಮ್ಮ ತೀರ್ಪುಗಾರರು. ಅವರ ಕಿವಿ ವಿಚಿತ್ರ. ಅಧ್ಯಕ್ಷ ಮಲ್ಲಣಗೌಡರು ಗುಂಡು ಹಾರಿಸಿದ ಮೇಲೆ "ಟಪ್" ಎಂದರೆ, "ಒಡೀತು! ವ್ಹಾ ಗೌಡ್ರ!" ಎಂದು ಕೂಗುತ್ತಿದ್ದರು. ನಾನು ಹಾರಿಸಿದ ಮೇಲೆ ಅದೇ "ಟಪ್" ಬಂದರೆ, "ಅದು ಕಲ್ಲಿಗೆ ಬಿತ್ರಿ ಮೇಡಂ" ಎನ್ನುತ್ತಿದ್ದರು. ಭೂಮಿಯ ಗುರುತ್ವಾಕರ್ಷಣೆ ಹೆಂಗಸರ ತಟ್ಟೆಗಳಿಗೆ ಮಾತ್ರ ಅನ್ವಯವಾಗುವ ಏಕೈಕ ಸ್ಥಳ ನಮ್ಮ ಕ್ಲಬ್ಬು!

ಮಲ್ಲಣಗೌಡರ ತಟ್ಟೆ ಎಲ್ಲರ ಕಣ್ಣೆದುರಿಗೇ ಚೂರೂ ಮುಕ್ಕಾಗದೆ ಸಾಬೂತಾಗಿ ಹಾರಿಹೋದರೂ ಉಪಾಯವಿತ್ತು. "ಏ, ಇದು ನಡೀಲ್ಲ, ರೈಲ ಕೂಗ್ತು. ಮತ್ತೊಂದು ಬಿಡು" ಎನ್ನುತ್ತಿದ್ದರು. ವಾಡಿ ಹತ್ತಿರವಿರುವಾಗ ರೈಲು ಕೂಗದ ಕ್ಷಣ ಯಾವುದು? ಒಂದು ಭಾನುವಾರ ಅವರಿಗೆ ಎಂಟು ಸಲ ರೈಲು ಕೂಗಿತು. ನನಗೆ ಒಂದೂ ಕೂಗಲಿಲ್ಲ. ಚಿಂಚೋಳಿಯಿಂದ ಬರುವ ಸದಸ್ಯರೊಬ್ಬರು ಇದನ್ನೆಲ್ಲ ನೋಡಿಯೂ ಚಪ್ಪಾಳೆ ತಟ್ಟುತ್ತಿದ್ದರು. ಅವರು ತಾವು ಕೊಂದ ಕಾಡುಹಂದಿಗಳ ಲೆಕ್ಕ ಹೇಳುವವರಾದ್ದರಿಂದ ಸಾಕ್ಷಿ ಕೇಳುವ ಅಭ್ಯಾಸ ಅವರಿಗಿರಲಿಲ್ಲ.

ಇನ್ನು ಯಂತ್ರದ ಸನ್ನೆ ಎಳೆಯುವವರು ಮಹಬೂಬ್ ಚಾಚಾ. ನಲವತ್ತು ವರ್ಷ ಇದೇ ಗಣಿಯಲ್ಲಿ ಕಲ್ಲು ಸೀಳಿದ ಮುದುಕರು. ಗೌಡರು "ಬಿಡ್ರಿ" ಎಂದ ಕೂಡಲೇ ತಟ್ಟೆ ಹಾರುತ್ತಿತ್ತು. ನಾನು "ಬಿಡ್ರಿ" ಎಂದರೆ ಚಾಚಾ ಒಮ್ಮೆ ಗಡ್ಡ ನೀವಿಕೊಂಡು ಆಮೇಲೆ ಬಿಡುತ್ತಿದ್ದರು. ಅಷ್ಟರಲ್ಲಿ ಬಂದೂಕಿನ ಭಾರಕ್ಕೆ ನನ್ನ ಕೈ ಇಳಿದಿರುತ್ತಿತ್ತು.

"ಚಾಚಾ, ನನಗ್ಯಾಕ ತಡಾ ಮಾಡ್ತೀರಿ?" ಎಂದು ಕೇಳಿದೆ.

"ಗೌಡ್ರು ಹೇಳ್ಯಾರ ಬೇಟಿ. ಹೆಣ್ಮಗಳು, ಗಡಬಡಿ ಮಾಡಬ್ಯಾಡ, ಆರಾಮ್‌ಲೇ ಬಿಡು ಅಂತ."

ದಯೆ! ಈ ದಯೆಗೆ ಏನೆನ್ನಬೇಕು?

ನಾನು ಜಗಳವಾಡುವವಳಲ್ಲ. ಡೈರಿ ಬರೆಯುವವಳು. ನಾಲ್ಕು ತಿಂಗಳು ಎರಡು ಸಾಲುಗಳಲ್ಲಿ ಲೆಕ್ಕವಿಟ್ಟೆ. ಕ್ಲಬ್ಬು ಕೊಟ್ಟದ್ದು, ನಿಜವಾದದ್ದು. ಪ್ರತಿ ಇಪ್ಪತ್ತೈದಕ್ಕೆ ಸರಾಸರಿ ಕ್ಲಬ್ಬು ಕೊಟ್ಟದ್ದು: ಒಂಬತ್ತು. ನಿಜವಾದದ್ದು: ಹತ್ತೊಂಬತ್ತು. ಪ್ರತಿ "ಟಪ್" ಅನ್ನೂ ನನ್ನ ಕಿವಿಯಾರೆ ಕೇಳಿ ಬರೆದದ್ದು.

ಚಾಚಾನಿಗೆ ಡೈರಿ ತೋರಿಸಿದೆ. ಅವರು ಅದನ್ನು ದೂರ ಹಿಡಿದು ನೋಡಿ, "ಬೇಟಿ, ಕಲ್ಲಿಗೆ ಬಿದ್ದ ಆವಾಜ್ ಬ್ಯಾರೆ, ಬಂದೂಕಿನ ಛರ್ರಾ ಬಡಿದ ಆವಾಜ್ ಬ್ಯಾರೆ. ನನ್ನ ಕಿವಿಗಿ ಗೊತ್ತಾಗ್ತದ" ಎಂದರು.

"ಹಂಗಾದ್ರ ಗೌಡ್ರಂದು ಖರೇ ಎಷ್ಟು ಅಂತ ಎಲ್ಲಾರ ಮುಂದ ಹೇಳ್ರಿ!"

"ಹೇಳಬಹುದು. ಆದ್ರ ನಿಂದೂ ಹೇಳಬೇಕಾಗ್ತದಲ್ಲ?"

ಪಾಪ, ಮುದುಕರಿಗೆ ಗೌಡರ ಭಯ ಎಂದುಕೊಂಡೆ.

ಅಷ್ಟರಲ್ಲಿ ಸುದ್ದಿ ಬಂತು. ಕಲಬುರಗಿಯ ಪಂದ್ಯಕ್ಕೆ ನಮ್ಮ ಕ್ಲಬ್ಬಿನಿಂದ ಒಬ್ಬರನ್ನು ಕಳಿಸಬೇಕು. ಒಬ್ಬರನ್ನೇ! ಬರುವ ಭಾನುವಾರ ಹೆಚ್ಚು ತಟ್ಟೆ ಒಡೆದವರು ಹೋಗುವುದು. ಮಲ್ಲಣಗೌಡರು ಹೆಸರು ಕೊಟ್ಟರು. ಕೂಡಲೇ ಸೇಡಂ, ಚಿತ್ತಾಪುರ, ಚಿಂಚೋಳಿಯ ಸದಸ್ಯರೆಲ್ಲ "ಗೌಡ್ರು ನಿಂತ ಮ್ಯಾಲ ನಾವ್ಯಾಕ್ರಿ" ಎಂದು ಹೆಸರು ಹಿಂತೆಗೆದುಕೊಂಡರು. ಇದನ್ನು ನಮ್ಮಲ್ಲಿ ಕ್ರೀಡಾಮನೋಭಾವ ಎನ್ನುತ್ತಾರೆ.

ನಾನೂ ಹೆಸರು ಕೊಟ್ಟೆ. ಜೀವನದಲ್ಲಿ ಅಷ್ಟು ಆಸೆಯಿಂದ ನಾನು ಯಾವುದಕ್ಕೂ ಹೆಸರು ಕೊಟ್ಟಿರಲಿಲ್ಲ. ಬರೆದ ಮೇಲೆ ಎರಡು ಸಲ ಓದಿಕೊಂಡೆ.

ನ್ಯಾಯದ ಉಪಾಯವೂ ಹೊಳೆಯಿತು. ಭಂಕೂರದಲ್ಲಿ ನನ್ನ ಸೋದರಮಾವನ ಕಣದಲ್ಲಿ ತೊಗರಿ ಹೊಟ್ಟಿನ ರಾಶಿಯಿತ್ತು. ಹಾಸುಗಲ್ಲಿನ ಮೇಲೆ ಮೊಣಕಾಲೆತ್ತರ ಹೊಟ್ಟು ಹರಡಿದರೆ ಹೊಡೆಯದ ತಟ್ಟೆ ಒಡೆಯುವುದೇ ಇಲ್ಲ. ಮಾವನ ಕಣದಲ್ಲಿ ಇಪ್ಪತ್ತು ತಟ್ಟೆ ಎಸೆದು ಖಚಿತಪಡಿಸಿಕೊಂಡೆ. ಇಪ್ಪತ್ತೂ ಉಳಿದವು. ಪ್ರಯೋಗ ಯಶಸ್ವಿ!

"ಇದು ನನ್ನ ಎಮ್ಮಿ ಮೇವವ್ವಾ," ಎಂದರು ಮಾವ. "ಸೋಮವಾರ ಹೆಂಗ ಒಯ್ದೀದಿ ಹಂಗ ತಂದು ಹಾಕ್ಬೇಕು ನೋಡು."

"ಹಂಗಾ ತರ್ತೀನಿ ಮಾಮಾ."

ಗೌಡರಿಗೆ ಲಿಖಿತ ಅರ್ಜಿ ಕೊಟ್ಟೆ. ಹೊಟ್ಟು ಹರಡಿದರೆ ಉಳಿದ ತಟ್ಟೆಗಳನ್ನು ಮತ್ತೆ ಬಳಸಬಹುದು ಎಂದಷ್ಟೇ ಬರೆದಿದ್ದೆ. ಗೌಡರು ಓದಿ ಖುಷಿಯಾದರು. "ನೋಡ್ರಿ, ಕಲ್ತವ್ರಂದ್ರ ಹಿಂಗಿರ್ಬೇಕು!" ಎಂದು ಸಹಿ ಹಾಕಿದರು. ತಟ್ಟೆ ಉಳಿದರೆ ಏನೇನು ಬಯಲಾಗುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ. ನನಗೂ ಅರ್ಧ ಮಾತ್ರ ಹೊಳೆದಿತ್ತು ಎಂಬುದು ಮುಂದೆ ತಿಳಿಯಿತು.

ಭಾನುವಾರ ಬೆಳಿಗ್ಗೆ ಒಂದು ಟ್ರ್ಯಾಕ್ಟರ್ ಹೊಟ್ಟು ಬಂತು, ಹರಡಿದೆವು. ಇಪ್ಪತ್ತೈದು ತಟ್ಟೆಗಳನ್ನು ನಾನೇ ಎಣಿಸಿ ಯಂತ್ರದ ಪಕ್ಕದಲ್ಲಿಟ್ಟೆ. ಮಲ್ಲಣಗೌಡರು ನಿಂತರು, ಹೊಡೆದರು. ಅಂದು ರೈಲು ಒಂದೂ ಕೂಗಲಿಲ್ಲ, ಕೂಗುವ ಅಗತ್ಯವೂ ಬರಲಿಲ್ಲ. "ಟಪ್" ಕೇಳಿಸದಿದ್ದರೂ ಜಗದೇವಪ್ಪನವರು ಅಭ್ಯಾಸಬಲದಿಂದ "ಒಡೀತು! ಒಡೀತು!" ಎಂದು ಕೂಗುತ್ತಲೇ ಹೋದರು. ಒಟ್ಟು ಇಪ್ಪತ್ತೊಂದು.

ಬಂದೂಕು ಖಾಲಿ ಮಾಡಿ ಎಲ್ಲರೂ ಕೆಳಗಿಳಿದೆವು. ಹೊಟ್ಟಿನಲ್ಲಿ ಕೈಯಾಡಿಸಿ ಸಾಬೂತು ತಟ್ಟೆಗಳನ್ನು ಆರಿಸಿದೆ. ಹದಿನಾಲ್ಕು.

ಇಪ್ಪತ್ತೊಂದು ಒಡೆದವು, ಹದಿನಾಲ್ಕು ಉಳಿದವು. ಇಪ್ಪತ್ತೈದು ತಟ್ಟೆ ಬಿಟ್ಟರೆ ಮೂವತ್ತೈದು ಬಂದಿದ್ದವು! ಇಂಥ ಇಳುವರಿಯನ್ನು ನಮ್ಮ ಭಾಗದಲ್ಲಿ ತೊಗರಿಯೂ ಕೊಟ್ಟದ್ದಿಲ್ಲ.

ಚಿಂಚೋಳಿಯವರು ಚಪ್ಪಾಳೆಗೆ ಎತ್ತಿದ ಕೈಯನ್ನು ಕಿಸೆಗೆ ಹಾಕಿಕೊಂಡರು. ಗೌಡರು ಒಂದು ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇವು ಹಳೇವದಾವ. ನಿಮ್ಮ ಮಾಮಾನ ಹೊಟ್ಟಿನಾಗ ಮೊದಲಾ ಇದ್ದಿರ್ಬೇಕು" ಎಂದರು.

"ನಮ್ಮ ಮಾಮಾ ಹೊಲ್ದಾಗ ತೊಗರಿ ಬಿತ್ತ್ಯಾರ್ರಿ, ತಟ್ಟಿ ಬಿತ್ತಿಲ್ಲ" ಎಂದೆ.

ಯಾರೋ ನಕ್ಕರು. ನನಗೆ ಆ ನಗು ತಲೆಗೇರಿತು. ಎಂದೂ ನಾಲ್ಕು ಜನರ ಮುಂದೆ ಮಾತಾಡದವಳು ಅಂದು ಕಲ್ಲಿನ ಮೇಲೆ ಹತ್ತಿ ನಿಂತೆ. ಕ್ಲಬ್ಬಿನ ರಿಜಿಸ್ಟರ್ ತರಿಸಿದೆ. ಠರಾವನ್ನು ನನ್ನ ಕೈಯಾರೆ ಬರೆದೆ: "ಹೊಟ್ಟಿನ ಮೇಲೆ ಸಾಬೂತಾಗಿ ದೊರೆತ ತಟ್ಟೆಯನ್ನು ಒಡೆದ ತಟ್ಟೆಯೆಂದು ಯಾರೂ ಪರಿಗಣಿಸತಕ್ಕದ್ದಲ್ಲ. ಉಳಿದ ತಟ್ಟೆಗಳನ್ನು ಇಪ್ಪತ್ತೈದರಿಂದ ಕಳೆದು ಬರುವ ಅಂಕಿಯೇ ಅಂತಿಮ. ಈ ನಿಯಮ ಹುದ್ದೆ, ವಯಸ್ಸು, ಲಿಂಗಗಳ ಭೇದವಿಲ್ಲದೆ ಅನ್ವಯಿಸತಕ್ಕದ್ದು. ಮೇಲ್ಮನವಿಗೆ ಅವಕಾಶವಿಲ್ಲ." ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದೆ.

ಮಹಬೂಬ್ ಚಾಚಾ ಹತ್ತಿರ ಬಂದು ಪಿಸುಗುಟ್ಟಿದರು. "ಬೇಟಿ, ಆ ಕೊನೀ ಸಾಲು ತೆಗಿ."

"ಅದಾ ಮುಖ್ಯ ಚಾಚಾ!"

ಎಲ್ಲರೂ ಸಹಿ ಹಾಕಿದರು. ಬೇರೆ ದಾರಿಯಿರಲಿಲ್ಲ. ಗೌಡರ ಅಂಕ ಇಪ್ಪತ್ತೊಂದರಿಂದ ಹನ್ನೊಂದಕ್ಕೆ ಇಳಿಯಿತು. ನನಗೆ ಬೇಕಾಗಿದ್ದದ್ದು ಹನ್ನೆರಡು. ಹತ್ತೊಂಬತ್ತು ಹೊಡೆಯುವವಳಿಗೆ ಹನ್ನೆರಡು ಯಾವ ಲೆಕ್ಕ? ಕಲಬುರಗಿಗೆ ಯಾವ ಬಸ್ಸಿಗೆ ಹೋಗಬೇಕು ಎಂದು ಆಗಲೇ ಯೋಚಿಸತೊಡಗಿದ್ದೆ.

ನಿಲ್ಲುವ ಮುಂಚೆ ಇನ್ನೊಂದು ಷರತ್ತು ಹಾಕಿದೆ. "ಚಾಚಾ, ಇವತ್ತು ನನಗೂ ಗೌಡ್ರಿಗಿ ಬಿಟ್ಟಂಗಾ ಬಿಡಬೇಕು. ತಡಾ ನಡೀಲ್ಲ."

"ಬಿಡ್ತೀನಿ ಬೇಟಿ. ಖುದಾ ಕೀ ಕಸಮ್."

"ಬಿಡ್ರಿ!" ಎಂದೆ.

ತಟ್ಟೆ ಹೋಯಿತು. ನಾನಿನ್ನೂ ಚಾಚಾ ಗಡ್ಡ ನೀವಿಕೊಳ್ಳಲಿ ಎಂದು ಕಾಯುತ್ತಿದ್ದೆ! ನಾಲ್ಕು ತಿಂಗಳು ನನ್ನ ಕೈ, ಕಣ್ಣು, ಉಸಿರು ಎಲ್ಲವೂ ತಡಕ್ಕೆ ಒಗ್ಗಿಹೋಗಿದ್ದವು. ಅನ್ಯಾಯದಲ್ಲಿ ನನಗೆ ಉತ್ತಮ ತರಬೇತಿಯಾಗಿತ್ತು. ನ್ಯಾಯವಾದ ತಟ್ಟೆ ಹೊಡೆಯಲು ಯಾರೂ ಕಲಿಸಿರಲಿಲ್ಲ.

ಎರಡನೆಯದಕ್ಕೆ ಸಿದ್ಧಳಾದೆ. ಹೊಡೆದೆ. ತಟ್ಟೆ ಗುಡ್ಡೆಯಾಚೆ ಹೋಯಿತು. "ಟಪ್"ಗಾಗಿ ಕಾದೆ.

ಏನೂ ಇಲ್ಲ.

ಮೂರನೆಯದು. ಏನೂ ಇಲ್ಲ. ನಾಲ್ಕನೆಯದು ಮಾತ್ರ ಗಾಳಿಯಲ್ಲೇ ಕರಿಪುಡಿಯಾಗಿ ಚೆದುರಿತು. ಆಹಾ, ಒಡೆದ ತಟ್ಟೆ ಹೀಗೆ ಕಾಣುತ್ತದೆಯೇ! ನಾಲ್ಕು ತಿಂಗಳಲ್ಲಿ ಇದನ್ನು ನಾನು ಹೆಚ್ಚು ಸಲ ನೋಡಿರಲಿಲ್ಲ ಎಂದು ಆಗ ನೆನಪಾಯಿತು. ಐದನೆಯದು ಮತ್ತೆ ಮೌನ. ಅಂಥ ಮೌನವನ್ನು ನಾನು ಪರೀಕ್ಷಾ ಕೊಠಡಿಯಲ್ಲೂ ಅನುಭವಿಸಿರಲಿಲ್ಲ. ಹತ್ತನೆಯ ತಟ್ಟೆಯ ಹೊತ್ತಿಗೆ ಒಂದು ಘೋರ ಸತ್ಯ ಹೊಳೆಯಿತು. ನನ್ನ ಡೈರಿಯ "ನಿಜವಾದದ್ದು" ಎಂಬ ಸಾಲಿನಲ್ಲಿದ್ದ ಹತ್ತೊಂಬತ್ತರಲ್ಲಿ ಹೆಚ್ಚಿನವನ್ನು ಒಡೆದದ್ದು ನಾನಲ್ಲ, ಶಹಾಬಾದದ ಕಲ್ಲು!

ಇಪ್ಪತ್ತೈದೂ ಮುಗಿದವು. ಹೊಟ್ಟಿಗೆ ಇಳಿದೆವು. ಈ ಸಲ ಜಗದೇವಪ್ಪನವರೇ ಮುಂದಾಗಿ, ರೈಲ್ವೆ ನಿಲ್ದಾಣದಲ್ಲಿ ಪ್ರಕಟಣೆ ಮಾಡುವವರ ಧಾಟಿಯಲ್ಲಿ, ಒಂದೊಂದಾಗಿ ಎತ್ತಿ ಎಣಿಸಿದರು. "ಹದಿನೈದು... ಹದಿನಾರು... ನಿಂದರ್ರಿ, ಇಲ್ಲೊಂದದ. ಹದಿನೇಳು... ಇದ್ರ ಬುಡಕ ಇನ್ನೊಂದದ ನೋಡ್ರಿ! ಹದಿನೆಂಟು!"

ಇಪ್ಪತ್ತೈದರಲ್ಲಿ ಹದಿನೆಂಟು ಕಳೆದರೆ ಏಳು. ಈ ಲೆಕ್ಕಕ್ಕೆ ಎಂ.ಎಸ್ಸಿ. ಬೇಕಿಲ್ಲ.

"ಹನ್ನೊಂದು, ಏಳು" ಎಂದರು ಮಲ್ಲಣಗೌಡರು ಮೀಸೆಯ ಮೇಲೆ ಕೈಯಾಡಿಸಿ. "ಮೇಡಮ್ಮೋರ, ನಿಮ್ಮ ಹೊಟ್ಟು ಭಾಳ ನ್ಯಾಯದ ಹೊಟ್ಟು ನೋಡ್ರಿ!"

ಏನಾದರೂ ಹೇಳಲು ಬಾಯಿ ತೆರೆದೆ. ಗೌಡರು ರಿಜಿಸ್ಟರಿನಲ್ಲಿ ಎರಡು ಗೆರೆ ಎಳೆದ ವಾಕ್ಯದ ಮೇಲೆ ಬೆರಳಿಟ್ಟು ತೋರಿಸಿದರು. ಅಕ್ಷರ ನನ್ನದೇ. ಮುತ್ತಿನಂಥ ಅಕ್ಷರ.

ಜಗದೇವಪ್ಪನವರಿಗೆ ಮಾತ್ರ ನನ್ನ ಮುಖ ನೋಡಿ ಕನಿಕರ ಉಕ್ಕಿತು. "ಬೇಜಾರಾಗಬ್ಯಾಡ್ರಿ ಮೇಡಂ. ಅದಕ್ಕಾ ನಾವು ಪಾಪ, ಹೆಣ್ಮಗಳು ಅಂತ ಪ್ರತೀಸಲ ಎರಡು ಮೂರು ಮ್ಯಾಲ ಹಾಕಿ ಒಂಬತ್ತು ಬರೀತಿದ್ದೆವು."

ನಾಲ್ಕು ತಿಂಗಳು ನಾನು ಅನ್ಯಾಯವೆಂದು ಡೈರಿಯಲ್ಲಿ ಬರೆದುಕೊಂಡ ಅಂಕಿ ನನ್ನ ಯೋಗ್ಯತೆಗಿಂತ ಹೆಚ್ಚಿತ್ತು. ಕ್ಲಬ್ಬಿನ ಇತಿಹಾಸದಲ್ಲಿ ಮಲ್ಲಣಗೌಡರು ಮೊಟ್ಟಮೊದಲ ಬಾರಿಗೆ ಪ್ರಾಮಾಣಿಕವಾಗಿ ಗೆದ್ದಿದ್ದರು. ಅದಕ್ಕೆ ಬೇಕಾದ ಸಕಲ ವ್ಯವಸ್ಥೆಯನ್ನೂ ನಾನೇ ಮಾಡಿದ್ದೆ!

ಠರಾವಿನ ಆ ಪುಟಕ್ಕೆ ಗೌಡರು ಚೌಕಟ್ಟು ಹಾಕಿಸಿ ಕ್ಲಬ್ಬಿನ ಗೋಡೆಗೆ ತೂಗುಹಾಕಿದರು. ಗೆದ್ದು ಸುಮ್ಮನಿರುವುದು ಆ ಮಹನೀಯರಿಗೆ ಗೊತ್ತಿಲ್ಲ. ಸೋತು ಸುಮ್ಮನಿರುವುದಂತೂ ಮೊದಲೇ ಗೊತ್ತಿಲ್ಲ. ಕಲಬುರಗಿಯ ಪಂದ್ಯದಲ್ಲಿ ನೆಲ ಮೆತ್ತನೆಯ ಕರಿಮಣ್ಣು. ಅಲ್ಲಿ ರೈಲು ಕೂಗಿದರೆ ಮತ್ತೊಂದು ತಟ್ಟೆ ಕೊಡುವ ಪದ್ಧತಿಯೂ ಇರಲಿಲ್ಲವಂತೆ. ಗೌಡರು ನಾಲ್ಕು ಒಡೆದು ಬಂದರು. "ಅದೇನ್ ಮೈದಾನರೀ, ಹೆಸರಿಗೊಂದು ಕಲ್ಲಿಲ್ಲ!" ಎಂದು ಇಂದಿಗೂ ಬೈಯುತ್ತಾರೆ. ಮರುವಾರವೇ ಬೆಂಕಿಯ ಅಪಾಯವಿದೆಯೆಂದು ಹೊಟ್ಟನ್ನು ನಿಷೇಧಿಸಿದರು. ಕ್ಲಬ್ಬಿನಲ್ಲಿ ಮತ್ತೆ ಎಲ್ಲರ ತಟ್ಟೆಗಳೂ ಒಡೆಯುತ್ತಿವೆ.

ನಾನು ಸೋತ ಮರುದಿನ, ಸೋಮವಾರ, ಹೊಟ್ಟನ್ನು ಮಾವನಿಗೆ ಮರಳಿಸಲು ಹೋಗಿದ್ದೆ. ಮಾವ ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದರು. ತುಂಬ ಸೀಸದ ಛರ್ರೆ, ತಟ್ಟೆಯ ಚೂರು.

"ಇದನ್ನ ತಿಂದ್ರ ನನ್ನ ಎಮ್ಮಿ ಹಾಲು ಕೊಡ್ತದೋ ಗುಂಡು ಹಾರಸ್ತದೋ?"

ಆ ಹೊಟ್ಟು ಮೇವಿಗೆ ಬಾರದಾಯಿತು. ಎಮ್ಮೆಗೆ ಬೇರೆ ಹೊಟ್ಟು ಹುಡುಕಿ ಹಳ್ಳಿ ಹಳ್ಳಿ ತಿರುಗುವ ಕೆಲಸ ನನಗೆ ಬಂತು. ಅವ್ವ ಇಡೀ ಕತೆ ಕೇಳಿ, "ಏಳ್ ಬಿದ್ವಲ್ಲ, ಸಾಕ್ ಬಿಡು. ಏಳು ಶುಭ ಸಂಖ್ಯೆ, ಲಗ್ನಕ್ಕ ಬರ್ತದ" ಎಂದಳು.

ಮಂಗಳವಾರ ಪ್ರಯೋಗಾಲಯಕ್ಕೆ ಹೋದೆ. ನನ್ನ ನಿಖರತೆ ಅಲ್ಲಾದರೂ ಉಳಿದಿದೆ ಎಂಬ ಸಮಾಧಾನವಿತ್ತು. ಪೆನ್ನು ತೆರೆದು ಕುಳಿತೆ. ಹಿಂದಿನಿಂದ "ಟಪ್" ಎಂದಿತು. "ಒಡೀತು" ಎಂದು ಬರೆದುಕೊಂಡೆ.

"ಮೇಡಂ," ಎಂದರು ಸಹೋದ್ಯೋಗಿ, "ಅದು ನನ್ನ ಚಹಾದ ಕಪ್ಪು. ಘನ ಇನ್ನಾ ಮಷೀನಿಗಿ ಇಟ್ಟಾ ಇಲ್ರಿ."